ಬಿಂದಿಗೆ ನೀರು, ಬೆಳಗಿನ ಐದು ಗಂಟೆ: ದುದ್ದ ಕಡೆಯ ಒಂದು ಪ್ರಕರಣ

ಹಾಸನದ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಅವರು ಬಂದದ್ದು 2024ರ ನವೆಂಬರಿನಲ್ಲಿ, ಎರಡೂ ಮೊಣಕಾಲು ನೋವೆಂದು. ವಯಸ್ಸು 46, ಊರು ದುದ್ದ ಕಡೆಯ ಒಂದು ಹಳ್ಳಿ. ಜೊತೆಗೆ ಊರಿನ ಆಶಾ ಕಾರ್ಯಕರ್ತೆ ಇದ್ದರು; ಒತ್ತಾಯ ಮಾಡಿ ಬಸ್ಸು ಹತ್ತಿಸಿದ್ದೇ ಅವರು. ಒಪ್ಪಿಗೆ ಪಡೆದು ಈ ಪ್ರಕರಣ ಬರೆಯುತ್ತಿದ್ದೇನೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ನಾನು ಅವರನ್ನು ಕರೆಯುವುದು ಅಕ್ಕ ಎಂದು, ಇಲ್ಲೂ ಹಾಗೇ ಇರಲಿ.

ಆ ವರ್ಷದ ಜನವರಿಯಲ್ಲಿ ಅಕ್ಕನ ಗಂಡ ತೀರಿಕೊಂಡಿದ್ದರು. ಬೆಳಿಗ್ಗೆ ಹಾಲು ಕರೆಯುವ ಹೊತ್ತಿನಲ್ಲಿ ಕೊಟ್ಟಿಗೆಯಲ್ಲೇ ಎದೆ ಹಿಡಿದುಕೊಂಡು ಕುಸಿದವರು ಆಸ್ಪತ್ರೆ ಮುಟ್ಟಲಿಲ್ಲ. ಶುಂಠಿ ಹಾಕಲು ಮಾಡಿದ ಸಾಲ ತಲೆ ಮೇಲಿತ್ತು, ಶುಂಠಿಗೆ ಕೊಳೆರೋಗ ಬಂದು ಬಂಡವಾಳವೂ ಹುಟ್ಟಿರಲಿಲ್ಲ. ತಿಥಿ ಕಳೆದು ತಿಂಗಳಾಗುವುದರೊಳಗೆ ಕೊಟ್ಟವರು ಬಾಗಿಲಿಗೆ ಬಂದರು. ಮೂರು ಸೀಮೆ ಹಸು ಮಾರಿ ಒಂದಷ್ಟು ತೀರಿಸಿದರು. ಮಗಳನ್ನು ಅರಕಲಗೂಡಿನ ಕಡೆ ಕೊಟ್ಟಿದೆ. ಮಗ ಹಾಸನದಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ. ಹಗಲೆಲ್ಲ ಮನೆಯಲ್ಲಿ ಅಕ್ಕ ಒಬ್ಬರೇ.

ಇಪ್ಪತ್ತೈದು ವರ್ಷ ನಾಲ್ಕೂವರೆಗೆ ಎದ್ದು ಕೊಟ್ಟಿಗೆಗೆ ಹೋದ ಜೀವ ಅದು. ಹಸು ಹೋದರೂ ಎಚ್ಚರ ಹೋಗಿರಲಿಲ್ಲ. "ನಾಕೂವರೆಗೆ ಕಣ್ಣು ಬಿಟ್ಕೋತದೆ ಕಣಮ್ಮ. ಎದ್ದು ಏನ್ ಮಾಡ್ಲಿ? ಬೆಳಕು ಹರಿಯೋ ತನ್ಕ ಅದೇ ಯೋಚ್ನೆ" ಎಂದರು. ಈ ಮಾತನ್ನು ನಾನು ಕೇಸ್ ಹಾಳೆಯ ಮೇಲ್ತುದಿಯಲ್ಲೇ ಬರೆದುಕೊಂಡೆ. ಮುಂದಿನ ಚಿಕಿತ್ಸೆಯೆಲ್ಲ ಅಲ್ಲಿಂದಲೇ ಹುಟ್ಟಿತು.

ಬಂದಾಗಿನ ಸ್ಥಿತಿ

ಎತ್ತರ 152 ಸೆಂ.ಮೀ., ತೂಕ 71 ಕೆ.ಜಿ., ಸೊಂಟದ ಸುತ್ತಳತೆ 96 ಸೆಂ.ಮೀ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆಯ ಬೊಜ್ಜು ಎಂದು ಲೆಕ್ಕ. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ 9.4 ಇತ್ತು, 6.5 ಮುಟ್ಟಿದರೇ ಮಧುಮೇಹ. ಮಾತ್ರೆ ಬರೆದುಕೊಟ್ಟಿದ್ದರು, ಅಕ್ಕ ನೆನಪಾದ ದಿನ ನುಂಗುತ್ತಿದ್ದರು. ಎಕ್ಸರೇಯಲ್ಲಿ ಎರಡೂ ಮೊಣಕಾಲಿನಲ್ಲಿ ಮಧ್ಯಮ ಸವೆತ. ಪಾದದ ಸ್ಪರ್ಶ ನೋಡುವ 10 ಗ್ರಾಂ ಮೊನೋಫಿಲಮೆಂಟ್ ಎಳೆಯನ್ನು ಹೆಬ್ಬೆರಳ ಬುಡದಲ್ಲಿ ಒತ್ತಿದಾಗ ಎರಡೂ ಕಾಲಿನಲ್ಲಿ ಗೊತ್ತಾಗಲಿಲ್ಲ.

ನನಗೆ ಹೆಚ್ಚು ಚಿಂತೆ ತಂದದ್ದು ಸ್ನಾಯುಬಲ. ಕೈಯನ್ನು ಎದೆಗೆ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರಬಹುದು ಎಂದು ನೋಡುವ ಪರೀಕ್ಷೆ ಇದೆ. 60ರಿಂದ 64 ವರ್ಷದ ಹೆಂಗಸರಲ್ಲೇ 12ಕ್ಕಿಂತ ಕಡಿಮೆ ಬಂದರೆ ಬಲ ಸಾಲದು ಎನ್ನುತ್ತೇವೆ. 46ರ ಅಕ್ಕ ಎದ್ದದ್ದು 6 ಸಲ. ಕೈಹಿಡಿತ 15 ಕೆ.ಜಿ.; ಏಷ್ಯಾದ ಹೆಂಗಸರಿಗೆ 18ಕ್ಕಿಂತ ಕೆಳಗೆ ಹೋದರೆ ದುರ್ಬಲ ಎಂದೇ ಅರ್ಥ. ಒಂದು ಕಾಲಕ್ಕೆ ಜೋಳದ ಕಡ್ಡಿಯ ಹೊರೆ ಹೊತ್ತು ಬರುತ್ತಿದ್ದವರು ಈಗ ನೆಲದಲ್ಲಿ ಕೂತರೆ ಕಂಬ ಹಿಡಿಯದೆ ಏಳಲಾರರು. ಹತ್ತು ತಿಂಗಳಲ್ಲಿ ಹೀಗಾಗುತ್ತದೆಯೇ ಎಂದು ಆಶಾ ಕಾರ್ಯಕರ್ತೆ ಕೇಳಿದರು. ಆಗುತ್ತದೆ. ದಿನವಿಡೀ ದುಡಿಯುತ್ತಿದ್ದ ಮೈ ಒಮ್ಮೆಲೇ ಕೂತುಬಿಟ್ಟರೆ, ಸಕ್ಕರೆಯೂ ಹತೋಟಿ ತಪ್ಪಿದ್ದರೆ, ಊಟವೂ ಒಂದೇ ಹೊತ್ತಾದರೆ ಸ್ನಾಯು ಬೇಗ ಕರಗುತ್ತದೆ. ತೂಕದ ಯಂತ್ರ ಅದನ್ನು ತೋರಿಸುವುದಿಲ್ಲ, ಬೊಜ್ಜು ಆ ಜಾಗ ತುಂಬಿಕೊಂಡಿರುತ್ತದೆ.

ಇನ್ನೊಂದು ವಿಷಯ ತುಂಬ ಹೊತ್ತಿನ ಮೇಲೆ ಹೊರಬಂತು. ಮನೆಯದು ನೆಲದ ಕಕ್ಕಸು. ಕೂತು ಏಳುವುದು ಕಷ್ಟವೆಂದು ಅಕ್ಕ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಮೊಣಕಾಲು ನೋವೆಂದು ಬರುವ ಹೆಂಗಸರನ್ನು ಈ ಪ್ರಶ್ನೆ ಕೇಳದೆ ಕಳಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಾವಾಗಿ ಯಾರೂ ಹೇಳುವುದಿಲ್ಲ.

ಮನಸ್ಸಿನ ಸ್ಥಿತಿ ಅಳೆಯಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಒಟ್ಟು 27 ಅಂಕ. ಅಕ್ಕನದು 17, ಅಂದರೆ ಸಾಕಷ್ಟು ತೀವ್ರವಾದ ಖಿನ್ನತೆ. ಒಂಬತ್ತನೆಯ ಪ್ರಶ್ನೆ ಸತ್ತರೆ ವಾಸಿ ಅನ್ನಿಸುತ್ತದೆಯೇ ಎಂಬುದು. "ಒಂದೊಂದ್ ದಿನ" ಎಂದರು. ಅಂದು ನಾನು ಯಾವ ವ್ಯಾಯಾಮವನ್ನೂ ಹೇಳಿಕೊಡಲಿಲ್ಲ. ಮಗನಿಗೆ ಫೋನು ಮಾಡಿ ಕರೆಸಿ, ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಮನೋವೈದ್ಯ ವಿಭಾಗಕ್ಕೆ ಚೀಟಿ ಬರೆದುಕೊಟ್ಟೆ. ಮನೆಯಲ್ಲಿದ್ದ ಬೆಳೆಗೆ ಹೊಡೆಯುವ ಔಷಧಿಯನ್ನು ಅಂದೇ ಬೇರೆ ಕಡೆ ಸಾಗಿಸುವಂತೆ ಮಗನಿಗೆ ಹೇಳಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ-ಮಾನಸ್ ಸಹಾಯವಾಣಿಯ ನಂಬರು 14416 ಅನ್ನು ಇಬ್ಬರ ಫೋನಿನಲ್ಲೂ ಹಾಕಿಕೊಟ್ಟೆ. ಹಿಮ್ಸ್‌ನ ವೈದ್ಯರು ಮಾತ್ರೆ ಶುರು ಮಾಡಿದರು, ಆಪ್ತಸಮಾಲೋಚನೆಗೂ ಹಚ್ಚಿದರು. ವ್ಯಾಯಾಮದಿಂದ ಖಿನ್ನತೆ ತಗ್ಗುತ್ತದೆ ಎಂಬುದು ನಿಜ, ಹಾಗೆಂದು ಈ ಹಂತದಲ್ಲಿ ವೈದ್ಯರ ಬದಲಿಗೆ ವ್ಯಾಯಾಮ ಕೊಡುವುದು ಅಪಾಯ. ಎರಡೂ ಒಟ್ಟಿಗೇ ನಡೆಯಬೇಕು.

ಗುರಿ ಯಾರದ್ದು?

ಎರಡು ವಾರದ ಮೇಲೆ ಮತ್ತೆ ಕೂತಾಗ ಏನು ಮಾಡುವ ಆಸೆ ಇದೆ ಎಂದು ಕೇಳಿದೆ. ತೂಕದ ಮಾತು ಬರಲಿಲ್ಲ, ನೋವಿನ ಮಾತೂ ಬರಲಿಲ್ಲ. "ಒಂದ್ ಹಸ ಕಟ್ಬೇಕು" ಎಂದರು, ಹೇಳಿದ ಮೇಲೆ ತಾವೇ ತಲೆಯಾಡಿಸಿದರು, ಆಗದ ಮಾತೆಂಬಂತೆ.

ಒಂದು ಹಸು ಕಟ್ಟಲು ಮೈಗೆ ಏನೇನು ಬರಬೇಕು? ಹತ್ತು ನಿಮಿಷ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಬೇಕು. ತುಂಬಿದ ಬಕೆಟ್ ಎತ್ತಿ ಡೇರಿ ತನಕ ನಡೆಯಬೇಕು. ಸಗಣಿ ಮಂಕರಿಯನ್ನು ನೆಲದಿಂದ ಎತ್ತಿ ತಿಪ್ಪೆಗೆ ಹಾಕಬೇಕು. ಮೇವಿನ ಹೊರೆ ತಲೆಗೇರಬೇಕು. ಹಸು ಹಗ್ಗ ಜಗ್ಗಿದರೆ ಬೀಳದೆ ನಿಲ್ಲಬೇಕು. ಕೂರುವುದು, ಎತ್ತುವುದು, ಹೊರುವುದು, ತಲೆ ಮೇಲಕ್ಕೆ ತಳ್ಳುವುದು, ಜಗ್ಗಿ ಹಿಡಿಯುವುದು. ದೊಡ್ಡ ಜಿಮ್ಮಿನಲ್ಲಿ ದುಡ್ಡು ಕೊಟ್ಟು ಕಲಿಯುವ ಮೂಲ ಪಾಠಗಳೂ ಇವೇ ಐದು. ಅಕ್ಕನ ಕಾರ್ಯಕ್ರಮಕ್ಕೆ ಬೇರೆ ಪಟ್ಟಿ ಬೇಕಾಗಲಿಲ್ಲ.

ಮಗಳು ಮಾತ್ರ ಶ್ರವಣಬೆಳಗೊಳದ ವಿಂಧ್ಯಗಿರಿ ಹತ್ತಿಸೋಣ, ಅದೇ ಗುರಿಯಾಗಲಿ ಎಂದಳು. ಬೆಟ್ಟ ಹತ್ತಿಸುವ ಉತ್ಸಾಹ ಎಲ್ಲರಿಗೂ ಇರುತ್ತದೆ, ಫೋಟೋವೂ ಚೆನ್ನಾಗಿ ಬರುತ್ತದೆ. ಆದರೆ ಅದು ಚಪ್ಪಲಿ ಕಳಚಿ ಹತ್ತಬೇಕಾದ ಆರುನೂರಕ್ಕೂ ಹೆಚ್ಚು ಬಂಡೆಯ ಮೆಟ್ಟಿಲು. ಸ್ಪರ್ಶ ಕುಂದಿದ ಪಾದಕ್ಕೆ ಬಿಸಿಲಿಗೆ ಕಾದ ಕಲ್ಲು ಸುಟ್ಟರೂ ಗೊತ್ತಾಗುವುದಿಲ್ಲ, ಗುಳ್ಳೆ ಹುಣ್ಣಾಗುವ ತನಕ. ಬೇಡ ಎಂದೆ. ಹೋಗಲೇಬೇಕೆಂದರೆ ದಪ್ಪ ಕಾಲುಚೀಲ ಹಾಕಿ, ಬಿಸಿಲೇರುವ ಮುಂಚೆ.

ಐದು ಗಂಟೆ

ವ್ಯಾಯಾಮ ಯಾವುದು ಎಂಬುದಕ್ಕಿಂತ ಯಾವ ಹೊತ್ತಿಗೆ ಎಂಬುದು ಈ ಪ್ರಕರಣದಲ್ಲಿ ದೊಡ್ಡ ತೀರ್ಮಾನ. ಸಾಮಾನ್ಯವಾಗಿ ನಾನು ರೋಗಿಗೆ ಅನುಕೂಲವಾದ ಹೊತ್ತು ಕೇಳುತ್ತೇನೆ. ಇಲ್ಲಿ ಅತ್ಯಂತ ಕಷ್ಟದ ಹೊತ್ತನ್ನೇ ಆರಿಸಿಕೊಂಡೆ. ನಾಲ್ಕೂವರೆಗೆ ಎಚ್ಚರವಾಗುವುದು ತಪ್ಪದು ಎಂದಮೇಲೆ ಆ ಹೊತ್ತಿಗೊಂದು ಕೆಲಸ ಬೇಕು. ಎದ್ದು ದೀಪ ಹಾಕಿ, ಮುಖ ತೊಳೆದು, ಅರ್ಧ ಲೋಟ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಕುಡಿದು ಐದು ಗಂಟೆಗೆ ಶುರು. ಇಪ್ಪತ್ತೈದು ನಿಮಿಷ. ವಾರಕ್ಕೆ ಮೂರು ದಿನ ಬಲದ ವ್ಯಾಯಾಮ, ಉಳಿದ ದಿನ ಕೀಲು ಸಡಿಲಿಸುವುದು, ತೋಳು ಬೀಸುವುದು.

ಅಂಬಲಿ ಯಾಕೆಂದರೆ, ಅಕ್ಕ ತೆಗೆದುಕೊಳ್ಳುತ್ತಿದ್ದ ಎರಡು ಸಕ್ಕರೆ ಮಾತ್ರೆಗಳಲ್ಲಿ ಒಂದು ಗ್ಲಿಮೆಪಿರೈಡ್. ಊಟ ತಪ್ಪಿದರೆ, ಇಲ್ಲವೇ ಹೆಚ್ಚು ದುಡಿದರೆ ಸಕ್ಕರೆಯನ್ನು 70ರ ಕೆಳಗೆ ಇಳಿಸಿಬಿಡಬಲ್ಲ ಮಾತ್ರೆ ಅದು. ಕೈ ನಡುಗಿ, ತಣ್ಣನೆ ಬೆವರು ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು ಕಾಲು ಗಂಟೆ ಕೂರಬೇಕು ಎಂದು ಬರೆದು ಗೋಡೆಗೆ ಅಂಟಿಸಿಕೊಟ್ಟೆ. ಶನಿವಾರದ ಉಪವಾಸವನ್ನು ಬಿಡಲು ಅಕ್ಕ ಒಪ್ಪಲಿಲ್ಲ. ಮಾತ್ರೆಯ ವಿಚಾರ ವೈದ್ಯರ ಹತ್ತಿರ ಮಾತಾಡಿ, ಶನಿವಾರ ಹಣ್ಣು ಹಾಲಿನ ಫಲಾಹಾರ, ವ್ಯಾಯಾಮಕ್ಕೆ ರಜೆ ಎಂದು ಹೊಂದಿಸಿಕೊಂಡೆವು.

ಕೂರುವುದನ್ನು ಕಲಿಸಲು ಮನೆಯಲ್ಲಿದ್ದ ಎತ್ತರಗಳನ್ನೇ ಬಳಸಿದೆವು. ಮೊದಲು ಮಂಚ, ಅದರ ಮೇಲೆ ಮಡಿಸಿದ ಕಂಬಳಿ. ಕೈ ಊರದೆ ಎದ್ದು ಕೂರುವುದು, ಎಂಟು ಸಲದ ಮೂರು ಸುತ್ತು. ಕಂಬಳಿ ಹೋಯಿತು, ಆಮೇಲೆ ಜಗಲಿ, ಆಮೇಲೆ ಮೋರಿ ಹತ್ತಿರದ ಕಲ್ಲು, ಕೊನೆಗೆ ಹಾಲು ಕರೆಯುವ ಮಣೆ. ಒಂದು ಎತ್ತರದಲ್ಲಿ ಹನ್ನೆರಡು ಸಲ ಸಲೀಸಾಗಿ ಬಂದರೆ ಮಾತ್ರ ಅದಕ್ಕಿಂತ ತಗ್ಗಿನದು. ನೋವಿಗೂ ಒಂದು ಅಳತೆ ಇಟ್ಟೆವು: ಹತ್ತಕ್ಕೆ ನಾಲ್ಕರಷ್ಟು ನೋವು ಬಂದರೆ ಮುಂದುವರಿಸಬಹುದು, ಮರುದಿನ ಅದೇ ಹೊತ್ತಿಗೂ ನೋವು ಇಳಿಯದಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ. ಸವೆದ ಮೊಣಕಾಲಿಗೆ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ತೊಡೆಯ ಸ್ನಾಯು ಗಟ್ಟಿಯಾದರೇ ಮೊಣಕಾಲಿನ ಭಾರ ಇಳಿಯುವುದು, ಸವೆತಕ್ಕೆ ಮೊದಲ ಚಿಕಿತ್ಸೆಯೇ ವ್ಯಾಯಾಮ.

ಭಾರಕ್ಕೆ ಬಿಂದಿಗೆ. ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ., ತಕ್ಕಡಿಯೇ ಬೇಡ. ಮೂರು ಲೀಟರ್ ಹಾಕಿದ ಪ್ಲಾಸ್ಟಿಕ್ ಬಿಂದಿಗೆಯನ್ನು ಕಲ್ಲಿನ ಮೇಲಿಂದ ಎರಡೂ ಕೈಯಲ್ಲಿ ಎತ್ತಿ ಇಳಿಸುವುದರಿಂದ ಶುರು. ವಾರಕ್ಕೊಮ್ಮೆ ಅರ್ಧ ಲೀಟರ್ ಜಾಸ್ತಿ. ಹೊರುವ ಅಭ್ಯಾಸಕ್ಕೆ ಎರಡು ಕೈಗೆ ಎರಡು ಬಕೆಟ್. ಒಂದೇ ಸೊಂಟದ ಮೇಲೆ ಬಿಂದಿಗೆ ಇಟ್ಟು ನಡೆಯುವ ರೂಢಿ ಇದ್ದವರಿಗೆ ಎರಡೂ ಕೈಗೆ ಸಮ ಭಾರ ಬಂದರೆ ಬೆನ್ನಿಗೆ ಹಾಯೆನಿಸುತ್ತದೆ.

ನಡಿಗೆಯ ವಿಷಯದಲ್ಲಿ ಅಡ್ಡಿ ಬಂದದ್ದು ಊರಿನ ಬಾಯಿ. ಗಂಡ ಸತ್ತು ವರ್ಷ ತುಂಬಿಲ್ಲ, ಕೆರೆ ಏರಿ ಮೇಲೆ ವಾಕಿಂಗು ಎಂದು ಒಬ್ಬರು ಅಂದರಂತೆ. ಅಕ್ಕ ಒಂದು ವಾರ ಹೊರಗೇ ಬರಲಿಲ್ಲ. ಆಗ ವಾರಗಿತ್ತಿ ಬಂದು ಜೊತೆಯಾದರು. ಪಾಲಿನ ವಿಷಯಕ್ಕೆ ಮಾತು ಬಿಟ್ಟಿದ್ದವರು, ಸಾವಿನ ಮನೆಗೆ ಬಂದಾಗಲೂ ನೆಟ್ಟಗೆ ಮಾತಾಡಿರಲಿಲ್ಲವಂತೆ. ತನಗೂ ಸಕ್ಕರೆ ಇದೆ, ಒಬ್ಬಳೇ ಹೋಗಲು ನಾಯಿ ಭಯ ಎಂದರಂತೆ. ಮಧ್ಯಾಹ್ನದ ಊಟವಾದ ಮೇಲೆ ಕಾಲು ಗಂಟೆ, ರಾತ್ರಿ ಊಟದ ಮೇಲೆ ಬೀದಿಯಲ್ಲೇ ಹತ್ತು ನಿಮಿಷ ಇಬ್ಬರೂ ನಡೆಯತೊಡಗಿದರು. ಉಂಡ ಮೇಲೆ ನಡೆದರೆ ದುಡಿಯುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಕಾಲಿಗೆ ಮುಚ್ಚಿದ ಬೂಟು ಕಡ್ಡಾಯ ಮಾಡಿದೆ. ಸೀರೆ ಕೆಳಗೆ ಬೂಟು ಎಂದು ನಾಚಿಕೊಂಡರು, ವಾರಗಿತ್ತಿಯೂ ಹಾಕಿಕೊಂಡ ಮೇಲೆ ಆ ಮಾತು ನಿಂತಿತು.

ಊಟದಲ್ಲಿ ಬದಲಿಸಿದ್ದು ಕಡಿಮೆ. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲವೆಂದು ಎರಡು ದೊಡ್ಡ ಮುದ್ದೆ ಉಣ್ಣುತ್ತಿದ್ದರು. ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಒಂದು ಸಣ್ಣ ಮುದ್ದೆ ಸಾಕೆಂದೆ. ಹುರುಳಿ ಕಟ್ಟಿನ ಸಾರು ಮಾಡಿ ಕಾಳನ್ನು ಬದಿಗಿಡುವುದು ರೂಢಿ; ನೂರು ಗ್ರಾಂ ಹುರುಳಿಯಲ್ಲಿ 20 ಗ್ರಾಂ ಮೀರಿ ಪ್ರೋಟೀನ್ ಇದೆ, ಅದಿರುವುದು ಆ ಕಾಳಿನಲ್ಲಿ. ಕಾಳನ್ನೂ ಒಗ್ಗರಣೆ ಹಾಕಿ ತಿನ್ನತೊಡಗಿದರು. ಸೋಮವಾರ ಶನಿವಾರ ಬಿಟ್ಟು ದಿನಕ್ಕೆರಡು ಮೊಟ್ಟೆ.

ಮೂರನೇ ತಿಂಗಳು ನಡೆದದ್ದನ್ನು ನಾನು ಹೇಳಿಕೊಟ್ಟಿರಲಿಲ್ಲ. ಗಂಡ ಹೋಗಿ, ಹಸುಗಳನ್ನೂ ಮಾರಿದ ಮೇಲೆ ಅಕ್ಕ ಕೊಟ್ಟಿಗೆಯ ಬಾಗಿಲು ತೆರೆದಿರಲಿಲ್ಲ. ನಾನೂ ಆ ಮಾತು ಎತ್ತಿರಲಿಲ್ಲ, ಅದು ಮನೋವೈದ್ಯರು ನೋಡಿಕೊಳ್ಳಬೇಕಾದ ವಿಷಯ. ಒಂದು ದಿನ ಫೋನು ಮಾಡಿ, "ನಡುಮನೆ ಟೈಲ್ಸು ಜಾರ್ತದೆ. ಕೊಟ್ಗೆ ನೆಲ ಕಲ್ಲು, ಅಲ್ಲೇ ಮಾಡ್ತಾ ಇವ್ನಿ" ಎಂದರು. ಕಾರಣ ಅಷ್ಟೇ ಹೇಳಿದರು. ನಾನೂ ಜಾರದ ನೆಲ ಒಳ್ಳೆಯದು ಎಂದಷ್ಟೇ ಹೇಳಿ ಮುಂದಿನ ವಾರದ ಲೀಟರ್ ಲೆಕ್ಕ ಹೇಳಿದೆ. ಫೋನಿಟ್ಟ ಮೇಲೆ ಬಹಳ ಹೊತ್ತು ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಜೂನ್ ತಿಂಗಳ ಹೆದರಿಕೆ

ಮೇ ತಿಂಗಳ ಹೊತ್ತಿಗೆ ಕುರ್ಚಿ ಪರೀಕ್ಷೆ 13ಕ್ಕೆ ಬಂದಿತ್ತು, ಎಚ್‌ಬಿಎ1ಸಿ 7.6ಕ್ಕೆ ಇಳಿದಿತ್ತು, ಪಿಎಚ್‌ಕ್ಯೂ-9 ಎಂಟಕ್ಕೆ. ತೂಕ ಇಳಿದದ್ದು ಎರಡೇ ಕೆ.ಜಿ. ಮಗನಿಗೆ ಅದೇ ಬೇಸರ. ಸೊಂಟದ ಸುತ್ತಳತೆ ಏಳು ಸೆಂ.ಮೀ. ಇಳಿದದ್ದನ್ನು ಟೇಪು ಹಿಡಿದು ತೋರಿಸಿದೆ.

ಆಗ ಶುರುವಾಯಿತು 2025ರ ಜೂನ್. ನಮ್ಮ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನವೂ ಟಿವಿಯಲ್ಲಿ. ಸತ್ತವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಹಾಸನದ ಜನ ತಂಡತಂಡವಾಗಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೋಗಿ ಸಾಲುಗಟ್ಟಿದರು. ವ್ಯಾಯಾಮ ಮಾಡಿದರೇ ಎದೆ ನಿಲ್ಲುತ್ತದೆ ಎಂಬ ಮಾತು ಹಬ್ಬಿ, ನನ್ನಲ್ಲಿಗೆ ಬರುತ್ತಿದ್ದ ಹಲವರು ನಿಲ್ಲಿಸಿಬಿಟ್ಟರು. ಅಕ್ಕನ ಮನೆಯಲ್ಲಿ ಅದು ಸುದ್ದಿಯಾಗಿ ಉಳಿಯಲಿಲ್ಲ, ಕೊಟ್ಟಿಗೆಯಲ್ಲಿ ಕಣ್ಣಾರೆ ಕಂಡದ್ದು ಮತ್ತೆ ಎದುರಿಗೆ ಬಂತು. ಮಗ ಬಿಂದಿಗೆ ಬಕೆಟ್ಟನ್ನೆಲ್ಲ ಒಳಗಿಟ್ಟ. "ಅಪ್ಪನ್ನ ಕಳ್ಕೊಂಡಿದೀನಿ ಮೇಡಂ, ಅಮ್ಮ ಒಬ್ರೇ ಇರೋದು" ಎಂದ. ಅವನ ಹೆದರಿಕೆಯನ್ನು ಅಲ್ಲಗಳೆಯುವ ಮನಸ್ಸು ನನಗಿರಲಿಲ್ಲ.

ಸಕ್ಕರೆ ಕಾಯಿಲೆ ಇರುವವರು, ಅದರಲ್ಲೂ ಹೆಂಗಸರು, ಹೃದಯದ ತೊಂದರೆಯನ್ನು ಎದೆನೋವಿಲ್ಲದೆ ಬರೀ ಸುಸ್ತು, ಏದುಸಿರು ಎಂದು ಅನುಭವಿಸುವುದುಂಟು. ಆದ್ದರಿಂದ ಹೆದರಿಕೆಗೆ ಉತ್ತರ ಪರೀಕ್ಷೆಯಿಂದಲೇ ಬರಲಿ ಎಂದು ಹೃದ್ರೋಗ ವೈದ್ಯರ ಬಳಿ ಕಳಿಸಿದೆ. ಇಸಿಜಿ, ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿ, ಟ್ರೆಡ್‌ಮಿಲ್ ಮೇಲೂ ನಡೆಸಿ ನೋಡಿದರು. ಏನೂ ದೋಷ ಕಾಣಲಿಲ್ಲ, ಮುಂದುವರಿಸಬಹುದು ಎಂದು ಬರೆದುಕೊಟ್ಟರು. ಕೊಲೆಸ್ಟ್ರಾಲ್ ಮಾತ್ರೆ ಸೇರಿತು. ಜುಲೈನಲ್ಲಿ, ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಟ್ಟು, ಜಿಲ್ಲೆಯಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ, ಸತ್ತವರಲ್ಲಿ ಹಲವರಿಗೆ ಮಧುಮೇಹ, ರಕ್ತದೊತ್ತಡ, ಬೊಜ್ಜಿನಂಥ ಅಪಾಯದ ಅಂಶಗಳಿದ್ದವು ಎಂದಿತು. ಪತ್ರಿಕೆಯಲ್ಲಿ ಬಂದ ಆ ಸುದ್ದಿಯನ್ನು ಮಗನಿಗೆ ಓದಿ ಹೇಳಿದೆ. ಅಮ್ಮ ಬಿಂದಿಗೆಯಿಂದ ಇಳಿಸುತ್ತಿರುವುದು ಇವನ್ನೇ ಎಂದೆ. ಅವನು ಒಂದು ಷರತ್ತು ಹಾಕಿದ: ತಾನು ಮನೆಯಲ್ಲಿರುವ ದಿನ ತಾನೂ ಐದಕ್ಕೆ ಎದ್ದು ಜೊತೆಗಿರುತ್ತೇನೆ. ಅದಕ್ಕಿಂತ ಒಳ್ಳೆಯ ಷರತ್ತನ್ನು ನಾನು ಬರೆದುಕೊಡಲಾರೆ.

ನಿಂತದ್ದು ಐದು ವಾರ. ಮತ್ತೆ ಶುರು ಮಾಡಿದಾಗ ಭಾರವನ್ನು ಅರ್ಧಕ್ಕೆ ಇಳಿಸಿ ಹಂತಹಂತವಾಗಿ ಏರಿಸಿದೆವು.

ಹಸು

ಸೆಪ್ಟೆಂಬರಿನಲ್ಲಿ ಮಣೆಯ ಮೇಲೆ ಹತ್ತು ನಿಮಿಷ ಕೂತು ಕೈ ಊರದೆ ಎದ್ದರು. ಎರಡು ಕೈಯಲ್ಲಿ ಎಂಟೆಂಟು ಲೀಟರ್ ಹಿಡಿದು ಡೇರಿಯ ಹಾದಿ ನಡೆದರು. ಆ ತಿಂಗಳೇ ಸ್ತ್ರೀಶಕ್ತಿ ಸಂಘದ ಸಾಲಕ್ಕೆ ಮಗನ ಉಳಿತಾಯ ಸೇರಿಸಿ ಎಚ್‌ಎಫ್ ತಳಿಯ ಒಂದು ಸೀಮೆ ಹಸು ತಂದರು. ಗ್ಲಿಮೆಪಿರೈಡನ್ನು ವೈದ್ಯರು ಆಗಲೇ ಅರ್ಧಕ್ಕೆ ಇಳಿಸಿದ್ದರು; ಕೊಟ್ಟಿಗೆ ಕೆಲಸ ಶುರುವಾದ ಮೇಲೆ ಪೂರ್ತಿ ನಿಲ್ಲಿಸಿದರು. ಹಸು ಬಂತೆಂದು ವ್ಯಾಯಾಮ ಬಿಡಬಾರದು ಎಂದು ಪಟ್ಟು ಹಿಡಿದೆ. ಕೊಟ್ಟಿಗೆಯ ಕೆಲಸ ದಿನವೂ ಒಂದೇ ಭಾರ, ಒಂದೇ ಭಂಗಿ. ಬಲ ಬೆಳೆಯಲು ಭಾರ ಏರುತ್ತಲೇ ಇರಬೇಕು. ವಾರಕ್ಕೆ ಎರಡು ದಿನ ಬಿಂದಿಗೆ ಉಳಿಯಿತು.

ಡಿಸೆಂಬರಿನ ಲೆಕ್ಕ: ಎಚ್‌ಬಿಎ1ಸಿ 7.1, ಕುರ್ಚಿ ಪರೀಕ್ಷೆ 16, ಕೈಹಿಡಿತ 21, ತೂಕ 66. ಪಿಎಚ್‌ಕ್ಯೂ-9 ಐದು. ಒಂಬತ್ತನೆಯ ಪ್ರಶ್ನೆಗೆ ಇಲ್ಲ ಎಂದರು. ಮನೋವೈದ್ಯರ ಮಾತ್ರೆ ಇನ್ನೂ ಇದೆ, ನಿಲ್ಲಿಸುವುದು ಅವರ ತೀರ್ಮಾನ. ಪಾದದ ಸ್ಪರ್ಶ ಮರಳಿಲ್ಲ, ಕೊಟ್ಟಿಗೆಗೆ ರಬ್ಬರ್ ಬೂಟು ಹಾಕಿಯೇ ಹೋಗುತ್ತಾರೆ. ದುಃಖ ಹೋಯಿತೇ ಎಂದು ನಾನು ಕೇಳಿಲ್ಲ, ಅದು ಹೋಗಬೇಕಾದ್ದೆಂದು ನನಗೆ ಅನ್ನಿಸುವುದೂ ಇಲ್ಲ.

ಈಗಿನ ತಕರಾರು ಎರಡನೇ ಹಸುವಿನದು. ಅಕ್ಕನಿಗೆ ಯುಗಾದಿಯೊಳಗೆ ಬೇಕು. ಶುಂಠಿ ಸಾಲದ ಕೊನೆಯ ಕಂತು ಅದರ ಹಾಲಿನಲ್ಲೇ ತೀರಬೇಕೆಂಬ ಹಟ. ಆದರೆ ಬಲಭುಜ ಬಿಗಿಯುತ್ತಿದೆ, ತೋಳನ್ನು ಹೊರಕ್ಕೆ ತಿರುಗಿಸಿದರೆ ಅರ್ಧಕ್ಕೇ ನಿಲ್ಲುತ್ತದೆ. ಭುಜದ ಕೀಲು ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಮಧುಮೇಹಿಗಳಲ್ಲಿ ಹೆಚ್ಚು. ಅದು ಪೂರ್ತಿ ಬಿಗಿದರೆ ತಿಂಗಳುಗಟ್ಟಲೆ ಕಾಡುತ್ತದೆ. ಸದ್ಯಕ್ಕೆ ಮೇವಿನ ಹೊರೆ ತಲೆಗೇರಿಸುವುದನ್ನು ಬಿಡಿಸಿ ತಳ್ಳುಗಾಡಿ ಹಿಡಿಸಿದ್ದೇನೆ, ದಿನಕ್ಕೆರಡು ಸಲ ಕೋಲು ಹಿಡಿದು ಭುಜ ತಿರುಗಿಸುವ ಅಭ್ಯಾಸ ಕೊಟ್ಟಿದ್ದೇನೆ. ಹಾಲು ಕರೆಯುವ ಯಂತ್ರ ತರುವುದಾದರೆ ಎರಡನೇ ಹಸುವಿಗೆ ನನ್ನ ಅಡ್ಡಿಯಿಲ್ಲ ಎಂದು ಮಗನಿಗೆ ಹೇಳಿದ್ದೇನೆ; ಯಂತ್ರದ ಸದ್ದಿಗೆ ಹಸು ಬೆದರುತ್ತದೆ ಎಂಬುದು ಅಕ್ಕನ ವಾದ. ಫೆಬ್ರವರಿಯಲ್ಲಿ ಭುಜ ಅಳೆದು ನೋಡಿ ಮೂವರೂ ಕೂತು ಮಾತಾಡುವುದೆಂದು ಆಗಿದೆ.